ನೆರಳವ್ವ ಸೋತ ವಾರ

ಯಂತ್ರಕ್ಕೆ ವಿದ್ಯೆ ಕಲಿಸುವುದು ದೊಡ್ಡ ಮಾತಲ್ಲ. ಲೆಕ್ಕ ಕಲಿಸಿ, ಭಾಷೆ ಕಲಿಸಿ, ವಿಮಾನ ಹಾರಿಸುವುದನ್ನು ಕಲಿಸಿ, ಬೇಸರವಿಲ್ಲದೆ ಕಲಿಯುತ್ತದೆ. ಆದರೆ ಮಾತು ಬಾರದ ಮಗಳ ವಿಷಯದಲ್ಲಿ ಒಬ್ಬ ತಾಯಿಗೆ ಗೊತ್ತಿರುವುದನ್ನೆಲ್ಲ ಯಂತ್ರಕ್ಕೆ ಕಲಿಸಿಬಿಟ್ಟರೆ? ತಾಯಿ ಇಲ್ಲವಾದ ಮೇಲೂ ಅವಳ ಕಣ್ಣು ಆ ಮನೆಯಲ್ಲಿ ಉಳಿದರೆ? ಈ ಪ್ರಶ್ನೆಯನ್ನು ಯಾವ ಜಾಣ ಮೊದಲು ಕೇಳಿದನೋ ಗೊತ್ತಿಲ್ಲ. ಬೆಟಗೇರಿಯಲ್ಲಿ ಕೌದಿ ಹೊಲಿಯುವ ಫಕೀರವ್ವನ ಮನೆಗೆ ಅದರ ಉತ್ತರ ಬಂದದ್ದು ತಾಮ್ರದ ಬಣ್ಣದ ಒಂದು ಬಳೆಯಾಗಿ.

ಸರ್ಕಾರಿ ಕಾಗದದಲ್ಲಿ ಅದರ ಹೆಸರು 'ಪಾಲನಾ ಪ್ರತಿರೂಪ'. ಅಷ್ಟುದ್ದ ಕರೆಯುವ ಪುರುಸೊತ್ತು ಯಾರಿಗಿದೆ? ಜನ 'ನೆರಳವ್ವ' ಎಂದರು, ಅದೇ ನಿಂತಿತು. ಅಂಗವಿಕಲ ಮಕ್ಕಳಿರುವ ತಂದೆತಾಯಿ ಆ ಕಾಲದಲ್ಲಿ 'ಆಸರೆ ಟ್ರಸ್ಟ್' ಮಾಡಿಸಿಡುತ್ತಿದ್ದರು. ಇರುವ ಮನೆ, ಉಳಿಸಿದ್ದು, ಸರ್ಕಾರ ಸೇರಿಸುವ ಪಾಲು ಎಲ್ಲ ಒಂದು ಗಂಟಾಗಿ ಮಗುವಿನ ಹೆಸರಿಗೆ ಬೀಳುತ್ತಿತ್ತು. ಹೆತ್ತವರು ಹೋದ ಮೇಲೆ ಆಯಾಳ ಸಂಬಳ, ಔಷಧಿ, ಗಾಲಿಕುರ್ಚಿ ಎಲ್ಲ ಅದರಿಂದಲೇ. ಗಂಟು ಕಾಯುವುದಕ್ಕೆ ಟ್ರಸ್ಟಿಗಳು ಸಿಗುತ್ತಾರೆ. ಮಗ್ಗುಲು ನೋಯುತ್ತಿದೆ ಎನ್ನುವುದನ್ನು ಮುಖ ನೋಡಿ ತಿಳಿಯುವವರು ಎಲ್ಲಿ ಸಿಗಬೇಕು? ಆ ಕೊರತೆ ತುಂಬುವುದಕ್ಕೆ ನೆರಳವ್ವ.

ಅದು ಕಲಿಯುವ ಬಗೆ ಸರಳ. ತಾಯಿ ಎರಡು ವರ್ಷ ಬಳೆ ತೊಟ್ಟಿರಬೇಕು. ಮನೆಯ ಮೂಲೆಗಳಲ್ಲಿ ಅಂಗಿಗುಂಡಿಯಷ್ಟು ಸಣ್ಣ ಕಣ್ಣುಗಳಿರುತ್ತವೆ. ಮಗಳ ಉಸಿರು, ಹುಬ್ಬು, ಗಂಟಲಿನ ಸದ್ದು ಬದಲಾದಾಗ ತಾಯಿಯ ಕೈ ಎಲ್ಲಿಗೆ ಹೋಯಿತು ಎನ್ನುವುದನ್ನು ಅವು ಬರೆದುಕೊಳ್ಳುತ್ತವೆ. ಮಗಳ ಮನಸ್ಸು ಯಂತ್ರಕ್ಕೆ ಕಾಣುವುದಿಲ್ಲ. ತಾಯಿ ಏನು ಮಾಡಿದಳು, ಮಗಳು ಅದನ್ನು ಒಪ್ಪಿದಳೋ ಇಲ್ಲವೋ, ಅದಕ್ಕೆ ಕಾಣುವುದು ಇಷ್ಟೇ. ಆಮೇಲೆ ಯಾವ ಆಯಾ ಬಂದರೂ ಅವಳ ಕಿವಿಯಲ್ಲಿ ನೆರಳವ್ವ ಪಿಸುಗುಡುತ್ತದೆ: ಈಗ ನೀರು ಕೊಡು, ಈಗ ದಿಂಬು ಸರಿಸು.

ಫಕೀರವ್ವನಿಗೆ ಅರವತ್ಮೂರು, ಮಗಳು ಕಸ್ತೂರಿಗೆ ಮೂವತ್ತೇಳು. ಹುಟ್ಟುವಾಗ ಉಸಿರು ತಡವಾಗಿ ಮೆದುಳಿಗೆ ಪೆಟ್ಟಾಗಿತ್ತು. ಕಸ್ತೂರಿಗೆ ಮಾತು ಬರಲಿಲ್ಲ, ಕಾಲು ನಿಲ್ಲಲಿಲ್ಲ. ಎಡಗೈ ಎದೆಗೆ ಮಡಚಿಕೊಂಡಿರುತ್ತದೆ. ಬಲಗೈಯ ಎರಡು ಬೆರಳು ಮಾತ್ರ ಹೇಳಿದ್ದು ಕೇಳುತ್ತವೆ. ಹೂಂ ಎನ್ನುವುದಕ್ಕೆ ಗಂಟಲಿನಿಂದ ಒಂದು ಸದ್ದು, ಒಲ್ಲೆ ಎನ್ನುವುದಕ್ಕೆ ಗೋಡೆಯ ಕಡೆ ಮುಖ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಫಕೀರವ್ವ ಹಳೆ ಸೀರೆಯ ತುಂಡುಗಳನ್ನು ಕಸ್ತೂರಿಯ ಗಾಲಿಕುರ್ಚಿಯ ಹಲಗೆಯ ಮೇಲೆ ಹರವಿಕೊಂಡು, ಎದುರಿಗೆ ಕೂತು ಹೊದಿಕೆಯಾಗಿ ಹೊಲಿಯುತ್ತಿದ್ದಳು. ಅವಳ ಕೌದಿ ಗದಗ ದಾಟಿ ಹುಬ್ಬಳ್ಳಿ, ಬೆಳಗಾವಿಯವರೆಗೆ ಹೆಸರಾಗಿತ್ತು. "ಹೊಲಿಗಿ ಎಲ್ಲಾರೂ ಹಾಕ್ತಾರ, ಈ ಬಣ್ಣದ ಜೋಡಣಿ ಎಲ್ಲಿಂದ ತರ್ತೀರಿ?" ಎಂದು ಗಿರಾಕಿಗಳು ಕೇಳಿದರೆ ಫಕೀರವ್ವ ಸೆರಗು ಸರಿಮಾಡಿಕೊಂಡು "ಕೈಗುಣಾರೀ" ಎನ್ನುತ್ತಿದ್ದಳು.

ಬಳೆ ತೊಟ್ಟ ಎರಡನೆಯ ವರ್ಷ ಅವಳ ಎದೆ ಕೈಕೊಟ್ಟಿತು. ಹೃದಯದ ಒಂದು ಕವಾಟ ಬದಲಿಸಬೇಕು, ಎದ್ದು ಬಂದರೂ ಭಾರ ಎತ್ತುವಂತಿಲ್ಲ, ಏಳದೇ ಹೋದರೆ ಅದಕ್ಕೂ ತಯಾರಿರಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ದಿನ ಗೊತ್ತುಮಾಡಿದರು. ಅಷ್ಟರೊಳಗೆ ಟ್ರಸ್ಟಿಗೆ ಮುದ್ರೆ ಬೀಳದಿದ್ದರೆ ಆಪರೇಶನ್ನಿನ ದಿನದಿಂದ ಕಸ್ತೂರಿ ಜಿಲ್ಲಾ ವಸತಿ ಕೇಂದ್ರಕ್ಕೆ ಹೋಗಬೇಕು. ಫಕೀರವ್ವ ಒಮ್ಮೆ ಹೋಗಿ ನೋಡಿಬಂದಿದ್ದಳು. ಕೆಟ್ಟ ಜಾಗವೇನಲ್ಲ. ಒಂದೇ ಹಾಲಿನಲ್ಲಿ ನಲವತ್ತು ಮಂಚ, ನಲವತ್ತು ಬಿಳಿ ಚಾದರ. ಅಲ್ಲಿ ಒಂದೇ ಒಂದು ಬಣ್ಣವಿರಲಿಲ್ಲ ಎನ್ನುವುದು ಅವಳ ತಲೆಯಲ್ಲಿ ಉಳಿದಿತ್ತು.

ಮುದ್ರೆಗೆ ಒಂದೇ ಪರೀಕ್ಷೆ, ಅದರ ಹೆಸರು ಗೈರುವಾರ. ಏಳು ದಿನ ತಾಯಿ ಮನೆಯಲ್ಲಿರಬಾರದು, ಸುದ್ದಿ ಕಳಿಸಬಾರದು. ಮನೆಯ ರೀತಿ ಗೊತ್ತಿಲ್ಲದ ಪರವೂರಿನ ಆಯಾ, ಅವಳ ಕಿವಿಯಲ್ಲಿ ನೆರಳವ್ವ. ನೆರಳವ್ವ ಮಾಡಿಸಿದ ನೂರು ಕೆಲಸಗಳಲ್ಲಿ ಎಂಬತ್ತನ್ನಾದರೂ ಕಸ್ತೂರಿ ಒಪ್ಪಬೇಕು. ಈ ಸಲ ತಪ್ಪಿದರೆ ಮುಂದಿನ ಸರದಿ ಹದಿನಾಲ್ಕು ತಿಂಗಳಿಗೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಬಳೆ ತೊಡಿಸುವ ಮೊದಲು ತುಂಬಿದ ಅರ್ಜಿಯಲ್ಲಿ ಹನ್ನೊಂದನೆಯ ಪ್ರಶ್ನೆ ಹೀಗಿತ್ತು: 'ಈ ವ್ಯಕ್ತಿ ತನಗೆ ಬೇಕಾದದ್ದನ್ನು, ಬೇಡವಾದದ್ದನ್ನು ತಾನೇ ತೀರ್ಮಾನಿಸಬಲ್ಲರೇ?' ಫಕೀರವ್ವ ಕ್ಷಣವೂ ಯೋಚಿಸದೆ 'ಇಲ್ಲ' ಎಂದು ಬರೆದಿದ್ದಳು. "ಅಕೀಗೇನ್ ತಿಳೀತೈತ್ರೀ, ಪಾಪ" ಎಂದು ಬಾಯಿಬಿಟ್ಟೂ ಹೇಳಿದ್ದಳು. ಕಸ್ತೂರಿ ಆಗ ಪಕ್ಕದಲ್ಲೇ ಕೂತಿದ್ದಳು.

ಭಾನುವಾರ ಬೆಳಿಗ್ಗೆ ಆಯಾ ಬಂದಳು. ಚಿಕ್ಕತಾಯಮ್ಮ, ಮಂಡ್ಯ ಕಡೆಯವಳು, ಗಟ್ಟಿ ಕೈ, ನಗುಮುಖ. ಅವಳಿಗೆ ಏನನ್ನೂ ಹೇಳಿಕೊಡುವಂತಿರಲಿಲ್ಲ. ಆದರೂ ಫಕೀರವ್ವ ಹೊಸ್ತಿಲಲ್ಲಿ ನಿಂತು, "ಚಾ ಭಾಳ ಬಿಸಿ ಇರಬಾರದು..." ಎಂದು ಸುರು ಮಾಡಿದಳು. ಕರೆದೊಯ್ಯಲು ಬಂದಿದ್ದ ರುಖಿಯಾ ತುಟಿಯ ಮೇಲೆ ಬೆರಳಿಟ್ಟಳು. ರುಖಿಯಾ ಮುಲ್ಲಾ ಆಸರೆ ಭವನದ ನಿಯಂತ್ರಣ ಕೊಠಡಿಯ ತಂತ್ರಜ್ಞೆ. ಎರಡು ವರ್ಷದಿಂದ ಬಳೆ ನೋಡಲು ಬಂದುಹೋಗಿ ಮನೆಯ ಹುಡುಗಿಯಂತಾಗಿದ್ದಳು.

ಕಸ್ತೂರಿ ಅವ್ವನ ಕಡೆ ನೋಡಲಿಲ್ಲ. ಮೂಲೆಯಲ್ಲಿದ್ದ ತಗಡಿನ ಟ್ರಂಕು ನೋಡುತ್ತಿದ್ದಳು. ಅದರ ಪಕ್ಕದಲ್ಲಿ ಆಸ್ಪತ್ರೆಗೆಂದು ಕಟ್ಟಿಟ್ಟ ಕೈಚೀಲ. ಟ್ರಂಕಿನಲ್ಲಿ ಫಕೀರವ್ವನ ಮದುವೆಯ ಇಳಕಲ್ ಸೀರೆಯಿತ್ತು, ಕೆಂಪು ಸೆರಗಿನ ಮೇಲೆ ಬಿಳಿ ತೆನೆಗಳು. ಊರವರ ಸೀರೆಯನ್ನೆಲ್ಲ ಕತ್ತರಿಸಿದ ಕೈ ಅದಕ್ಕೆ ಮಾತ್ರ ಕತ್ತರಿ ತಾಗಿಸಿರಲಿಲ್ಲ. ಮಗಳ ಕಣ್ಣು ಆ ಕಡೆ ಹೋದಾಗೆಲ್ಲ "ಅದು ಬ್ಯಾಡವಾ" ಎಂದು ಮುಚ್ಚಳದ ಮೇಲೆ ಕೈಯಿಡುತ್ತಿದ್ದಳು. ಆ ದಿನವೂ ಅಭ್ಯಾಸಬಲದಿಂದ ಹಾಗೆಯೇ ಮಾಡಿ, ಕಣ್ಣೊರೆಸಿಕೊಂಡು ಜೀಪು ಹತ್ತಿದಳು.

ಆಸರೆ ಭವನ ಗದಗಿನಲ್ಲಿ, ಮನೆಯಿಂದ ಎರಡೇ ಮೈಲಿ. ನಾಲ್ಕನೆಯ ಮಹಡಿಯ ಕಿಟಕಿಯಿಂದ ಕಪ್ಪತಗುಡ್ಡದ ಗಾಳಿಯಂತ್ರಗಳು ತಿರುಗುವುದು ಕಾಣುತ್ತಿತ್ತು. ಗೋಡೆಯ ಪರದೆಯ ಮೇಲೆ ಫಕೀರವ್ವನದೇ ಮನೆ. ಅಡುಗೆಮನೆ, ಪಡಸಾಲೆ, ಕಸ್ತೂರಿ. ಮೇಜಿನ ಅಂಚಿನಲ್ಲಿ ಒಂದು ಕೆಂಪು ಗುಂಡಿ. ತಾಯಿಗೆ ತಡೆಯಲಾಗದಿದ್ದರೆ ಒತ್ತಬಹುದು, ಕೂಡಲೇ ಮನೆಗೆ ಕಳಿಸುತ್ತಾರೆ, ಪರೀಕ್ಷೆ ಅಲ್ಲಿಗೆ ಮುಗಿಯಿತು.

ಮೊದಲ ದಿನ ಹಬ್ಬದಂತೆ ಕಳೆಯಿತು. ಕಸ್ತೂರಿಯ ಉಸಿರು ಸಣ್ಣಗೆ ಬದಲಾಯಿತು, ನೆರಳವ್ವ ಆಯಾಳ ಕಿವಿಯಲ್ಲಿ ಹೇಳಿದ್ದು ಇಲ್ಲಿಯೂ ಕೇಳಿತು. ದನಿಯೂ ಫಕೀರವ್ವನದೇ. "ಬಲಗಡೆ ಹೊಳ್ಳಸು. ಹಂಗಲ್ಲ, ಸಾವಕಾಶ. ಗೂಟದಂಗ ನಿಂದ್ರಬ್ಯಾಡ."

"ಯವ್ವಾ, ನಾ ಹಿಂಗ ಮಾತಾಡ್ತೀನೇನ?" ಎಂದು ಫಕೀರವ್ವ ಕೇಳಿದಳು.

"ಇದು ಸ್ವಲ್ಪ ಸಮಾಧಾನದ್ದು ಐತ್ರಿ," ಎಂದಳು ರುಖಿಯಾ. ಸಂಜೆಗೆ ನೂರಕ್ಕೆ ತೊಂಬತ್ಮೂರು ಬಂತು. ಫಕೀರವ್ವ ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡಿದವಳಂತೆ ಎಲ್ಲರಿಗೂ ಚಹಾ ತರಿಸಿದಳು.

ಸೋಮವಾರ ಕಸ್ತೂರಿ ಹಲಗೆಯ ಮೇಲಿನ ತುಂಡುಗಳನ್ನು ಕೆಳಗೆ ಬೀಳಿಸತೊಡಗಿದಳು. ಅದೇನೂ ಹೊಸದಲ್ಲ. ಅವಳ ಬೆರಳು ಸೆಳೆತಕ್ಕೆ ಅಲ್ಲಾಡಿ ದಿನಕ್ಕೆ ಹತ್ತಾರು ತುಂಡು ಬೀಳುತ್ತಿದ್ದವು. ಸೊಂಟ ನೋವಿನ ಫಕೀರವ್ವ ಅವನ್ನು ಎತ್ತುವ ಗೋಜಿಗೆ ಹೋಗದೆ ಉಳಿದದ್ದನ್ನು ಹೊಲಿದು, ಸಂಜೆ ಬಿದ್ದದ್ದನ್ನು ಗುಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಆದರೆ ಆ ದಿನ ಕಸ್ತೂರಿ ಒಂದನ್ನೂ ಉಳಿಸಲಿಲ್ಲ. ಹಲಗೆ ಬರಿದು ಮಾಡಿ ಟ್ರಂಕಿನತ್ತ ಕಣ್ಣು ನೆಟ್ಟಳು.

"ಚೀಲದಾಗಿಂದ ಬ್ಯಾರೆ ತುಂಡು ತಂದಿಡು," ಎಂದಿತು ನೆರಳವ್ವ. ಚಿಕ್ಕತಾಯಮ್ಮ ತಂದಿಟ್ಟಳು. ಕಸ್ತೂರಿ ಅವನ್ನೂ ಕೆಡವಿದಳು. ಚಿಕ್ಕತಾಯಮ್ಮ ಟ್ರಂಕಿನ ಹತ್ತಿರ ಹೋಗಿ, "ಇದ್ರಾಗೇನಾರ ಬೇಕೇನವ್ವಾ?" ಎಂದಳು. ಕಿವಿಯಲ್ಲಿ ಕೂಡಲೇ ಗದರಿಕೆ, "ಟ್ರಂಕಿಗೆ ಕೈ ಹಚ್ಚಬ್ಯಾಡ." ಅವಳು ಹಿಂದೆ ಸರಿದಳು. ಕಸ್ತೂರಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಆಮೇಲೆ ಎಲ್ಲಕ್ಕೂ ಗೋಡೆಯೇ. ನೆರಳವ್ವ ಪಾಪ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿತು. ನೀರು ಕೊಡಿಸಿತು, ಫ್ಯಾನು ಹಾಕಿಸಿತು, ದಿಂಬು ಬದಲಿಸಿತು, ಸಿಹಿ ಸಜ್ಜಕ ಮಾಡಿಸಿತು. ಒಲ್ಲೆ, ಒಲ್ಲೆ, ಒಲ್ಲೆ. ಮಂಗಳವಾರ ಮಧ್ಯಾಹ್ನ ಊಟದ ತುತ್ತಿಗೂ ಬಾಯಿ ತೆರೆಯಲಿಲ್ಲ. ಚಿಕ್ಕತಾಯಮ್ಮ ತಟ್ಟೆ ಹಿಡಿದುಕೊಂಡು ಅಳುವಂತಾಗಿ, "ಅದೇನ್ ಕೇಳ್ತಾವ್ಳೋ ನಂಗೊತ್ತಾಯ್ತಿಲ್ಲ ಕಣಪ್ಪ. ಈ ಕಿವಿಯೊಳಗಿನ್ ಮುದ್ಕಿಗೂ ಗೊತ್ತಾಯ್ತಿಲ್ಲ," ಎಂದಳು. ನಿಯಂತ್ರಣ ಕೊಠಡಿಯ ಪರದೆಯ ಮೂಲೆಯಲ್ಲಿ ಅಂಕಿ ಐವತ್ತೆಂಟಕ್ಕೆ ಇಳಿಯಿತು.

ಫಕೀರವ್ವ ಎದ್ದು ನಿಂತಳು. ಕೈ ಕೆಂಪು ಗುಂಡಿಯ ಮೇಲಿತ್ತು. "ನನ ಮಗಳು ಉಪವಾಸ ಕೂತಾಳ. ನಿಮ್ಮ ಪರೀಕ್ಷಾ ನೀವ ಇಟ್ಕೊರ್ರಿ."

"ಒತ್ತರಿ, ಬ್ಯಾಡ ಅನ್ನಂಗಿಲ್ಲ," ಎಂದಳು ರುಖಿಯಾ. "ಇವತ್ತು ಉಣ್ಣಸ್ತೀರಿ. ಬರೂ ವಾರ ಆಪರೇಶನ್ ದಿನ ಯಾರು ಉಣ್ಣಸ್ತಾರು?"

ಗುಂಡಿಯ ಮೇಲಿನ ಕೈ ತೆಗೆಯಲಿಕ್ಕೆ ಫಕೀರವ್ವನಿಗೆ ಬಹಳ ಹೊತ್ತು ಬೇಕಾಯಿತು. ಅಷ್ಟರಲ್ಲಿ ಚಿಕ್ಕತಾಯಮ್ಮ ಕಿವಿಯ ಯಂತ್ರ ಕಿತ್ತು ಸೆರಗಿಗೆ ಸಿಕ್ಕಿಸಿ, ಹಲಗೆಯ ಮುಂದೆ ಕೂತು, ತಾನೇ ಮೊದಲೊಂದು ತುತ್ತು ತಿಂದು, "ಹೊಟ್ಟೆ ಮ್ಯಾಲೆ ಯಾಕವ್ವಾ ಕ್ವಾಪ? ನನ್ ಮ್ಯಾಲೆ ತೋರ್ಸು," ಎಂದಳು. ಕಸ್ತೂರಿ ಅವಳನ್ನು ಬಹಳ ಹೊತ್ತು ನೋಡಿ ಬಾಯಿ ತೆರೆದಳು. ನೋಡುತ್ತಿದ್ದ ಇಬ್ಬರೂ ಒಟ್ಟಿಗೆ ಉಸಿರುಬಿಟ್ಟರು.

ಬುಧವಾರ ಬೆಳಿಗ್ಗೆ ಫಕೀರವ್ವ ಕೊಠಡಿಗೆ ಬರುವ ಹೊತ್ತಿಗೆ ರುಖಿಯಾ ರಾತ್ರಿಯೆಲ್ಲ ನಿದ್ದೆಗೆಟ್ಟು ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. "ಕೂಡ್ರಿ ಅವ್ವಾರ. ಒಂದು ತಿಳೀಲಾರದ್ದು ಐತಿ. ನೀವು ಮಾಡಿದ್ದನ್ನ ಎರಡು ವರ್ಷದಾಗ ಅಕಿ ನೂರಕ್ಕ ತೊಂಬತ್ತಾರು ಸಲ ಒಪ್ಯಾಳ. ನೆರಳವ್ವ ಈಗ ಮಾಡ್ಸಾಕತ್ತಿದ್ದೂ ಅದನ್ನ, ಕೂದಲೆಳಿ ಫರಕಿಲ್ಲ. ಅದಕ್ಕ ಯಾಕ ಒಲ್ಲೆ ಅಂತಾಳ?"

"ನನ್ನ ಕೈಯಾಗ ಬೆಳದಾಕಿ ಅಕಿ. ಯಂತ್ರದ ಕೈಯಾಗ ಉಣ್ತಾಳೇನು?"

"ಭಾನುವಾರ ಉಂಡಾಳಲ್ರಿ." ರುಖಿಯಾ ಕುರ್ಚಿ ಹತ್ತಿರ ಎಳೆದುಕೊಂಡಳು. "ನನಗನಸೂದು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮಗ ಒಲ್ಲೆ ಅಂದ್ರ ನಿಮ್ಮ ಮನಸ್ಸಿಗೆ ಹತ್ತತೈತಿ. ಯಂತ್ರಕ್ಕ ಒಲ್ಲೆ ಅಂದ್ರ ಯಾರಿಗೂ ಏನೂ ಆಗಂಗಿಲ್ಲ. ಅಕಿ ಇಷ್ಟು ವರ್ಷ ನಿಮ್ಮನ್ನ ಸಂಭಾಳಿಸ್ಯಾಳ."

ಫಕೀರವ್ವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮಗಳನ್ನು ಮೂವತ್ತೇಳು ವರ್ಷ ಹೊತ್ತವಳು ತಾನು. ಎತ್ತಿ ಎತ್ತಿ ಸೊಂಟ ಬಿದ್ದದ್ದು ತನ್ನದು, ಎದೆ ಕೆಟ್ಟದ್ದು ತನ್ನದು. ಸಂಭಾಳಿಸಿದವಳು ಅವಳಂತೆ. ಎದ್ದು ಹೋಗೋಣವೆಂದುಕೊಂಡಳು. ಆದರೆ ರುಖಿಯಾ ಅಷ್ಟರಲ್ಲಿ ಗೋಡೆಯ ಮೇಲೆ ಇನ್ನೊಂದನ್ನು ತೋರಿಸಿದ್ದಳು.

"ತುಂಡು ಬೀಳೂದನ್ನ ನಾವು 'ಸೆಳೆತ' ಅಂತ ಬರಕೊಂಡಿದ್ವಿ, ನೀವು ಹೇಳಿದ್ರಿ ಅಂತ. ಅದಕ್ಕ ನೆರಳವ್ವ ಅದನ್ನ ಲೆಕ್ಕಕ್ಕ ಹಿಡೀಲಿಲ್ಲ. ನಾನು ಎರಡು ವರ್ಷದ್ದೂ ತಗಸಿ ನೋಡಿದೆ. ನಲವತ್ತು ಕೌದಿ. ಎಡಗಡೆ ಬಿದ್ದದ್ದು, ಬಲಗಡೆ ಉಳದದ್ದು."

ಫಕೀರವ್ವ ನೋಡಿದಳು. ಓದು ಬರಹ ಅಷ್ಟಕ್ಕಷ್ಟೇ ಇದ್ದರೂ ಬಣ್ಣ ಓದುವುದಕ್ಕೆ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬದನೆ ಬಣ್ಣದ ಪಕ್ಕ ಕಂದು ಬಂದಾಗೆಲ್ಲ ಕಂದು ಕೆಳಗೆ ಬಿದ್ದಿತ್ತು. ಹಳದಿ ಎಷ್ಟೇ ಇಟ್ಟರೂ ಎರಡೇ ಉಳಿದಿದ್ದವು. ಅಂಚು ಇರುವ ತುಂಡು ಯಾವಾಗಲೂ ಹೊರಸಾಲಿಗೆ. ಬಲಗಡೆ ಉಳಿದದ್ದೆಲ್ಲ ಊರೂರಿನ ಗಿರಾಕಿಗಳು ಮುಟ್ಟಿ ಮುಟ್ಟಿ ಹೊಗಳಿದ ಅವೇ ಕೌದಿಗಳು.

ಸೊಂಟ ಬಗ್ಗಿಸಲಾರದೆ ಬಿದ್ದದ್ದನ್ನು ಎತ್ತದೆ, ಮುಂದಿದ್ದದ್ದನ್ನು ಹೊಲಿದವಳು ತಾನು. ಆರಿಸಿ ಮುಂದಿಟ್ಟವಳು ಕಸ್ತೂರಿ.

"ಕೈಗುಣ ಅಂತಿದ್ದೆ," ಎಂದು ಫಕೀರವ್ವ ಹೇಳಿದಳು. "ಕೈ ನಂದು ಅಷ್ಟ. ಗುಣ ಅಕೀದು." ಅವಳು ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಊರೆಲ್ಲ ಹೇಳುತ್ತದೆ. ಇಲ್ಲಿ ಮಗಳೇ ನೂಲು, ತಾನು ಸೀರೆ ಎಂದು ಅವಳಿಗೆ ಹೊಳೆದಾಗ ಎದೆಯ ನೋವೂ ಮರೆತು ಹೋಯಿತು. ಇಷ್ಟು ಹೆಮ್ಮೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ. ಕೂಡಲೇ ಆ ಹನ್ನೊಂದನೆಯ ಪ್ರಶ್ನೆ ನೆನಪಿಗೆ ಬಂದು ನಾಚಿಕೆಯೂ ಆಯಿತು.

ಟ್ರಸ್ಟಿನ ಅಧಿಕಾರಿ ಕುಬಸದ ಸಾಹೇಬರು ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಪೈಕಿ, ಆದರೆ ಕಲ್ಲು ಮನಸ್ಸಿನವರಲ್ಲ. ಗುರುವಾರ ಬೆಳಿಗ್ಗೆ ಎಲ್ಲ ಕೇಳಿ ಕನ್ನಡಕ ಒರೆಸಿಕೊಂಡರು.

"ನೋಡ್ರಿ ಫಕೀರವ್ವಾರ, ನೀವು 'ಇಲ್ಲ' ಅಂತ ಬರದಿದ್ದಕ್ಕ ನೆರಳವ್ವ ಪಾಲಕಿ ಆಗ್ಯದ. ಆ ಲೆಕ್ಕಕ್ಕ ಈ ಪರೀಕ್ಷೆ ಫೇಲು. 'ಹೌದು' ಅಂತ ತಿದ್ದಿದ್ರ ಅದು ಬರೇ ದುಭಾಷಿ. ಯಜಮಾನಿಕಿ ಕಸ್ತೂರೀದು. ಆದ್ರ ಒಂದು ಮಾತು ತಿಳಕೋರಿ. ಆಮ್ಯಾಲ ನೀವು ಬ್ಯಾಡ ಅಂದ್ರೂ ನಡಿಯೂದಿಲ್ಲ. ಆ ಮನ್ಯಾಗ ಕೊನೀ ಮಾತು ಅಕೀದು."

"ಮತ್ತ ಮುದ್ರಿ?"

"ತುಂಡು ಬೀಳೂದು ನೋಡಿ ಮುದ್ರಿ ಒತ್ತಿದ್ರ ನನ್ನ ನೌಕರಿ ಹೋಗ್ತದ. ಇನ್ನ ಮೂರು ದಿನ ಅದಾವ. ಅಕಿ ಕೇಳಿದ್ದು ಅಕಿಗೆ ಸಿಗಲಿ. ತನ್ನದೊಂದು ಕೆಲಸ ಸುರೂದಿಂದ ಕೊನೀತನಕ ತಾನ ಹೇಳಿ ಮುಗಸಲಿ. ಶನಿವಾರ ಸಂಜಿ ಆರರೊಳಗ. ಮುಗಸಿದ್ರ ಒತ್ತತೀನಿ."

ಅರ್ಜಿ ಮುಂದೆ ಬಂತು. 'ಹೌದು' ಎಂದು ತಿದ್ದಿದರೆ ಮೊದಲು ತೆರೆಯುವುದು ಆ ಟ್ರಂಕು ಎಂದು ಫಕೀರವ್ವನಿಗೆ ಗೊತ್ತಿತ್ತು. ಮದುವೆಯ ದಿನ ಆ ಸೆರಗಿನ ಗಂಟು ಗಂಡನ ಶಲ್ಯಕ್ಕೆ ಬಿದ್ದಿತ್ತು. ಗಂಡ ಹೋದ ಮೇಲೆ ಎಷ್ಟೋ ಸಲ ಮುಚ್ಚಳ ತೆಗೆದು ಬರೀ ಮೂಸಿ ನೋಡಿ ಮುಚ್ಚಿದ್ದಳು. ಅಕಿಗ್ಯಾಕ ಬೇಕದು, ಎಂದು ಒಂದು ಮನಸ್ಸು ಕೇಳಿತು. ಅಕೀನ ಕೇಳು, ಎಂದಿತು ಇನ್ನೊಂದು. ಅವಳು 'ಇಲ್ಲ' ಎನ್ನುವುದನ್ನು ಅಡ್ಡಗೆರೆ ಎಳೆದು ಹೊಡೆದು, ದೊಡ್ಡ ಅಕ್ಷರದಲ್ಲಿ 'ಹೌದು' ಎಂದು ಬರೆದಳು.

ರುಖಿಯಾ ನಾಲ್ಕು ಸಾಲು ಬದಲಿಸಿದಳು. ಇನ್ನು ಮೇಲೆ ತಾಯಿಯ ಕೈ ನೋಡಬೇಡ, ಮಗಳ ಕಣ್ಣು ನೋಡು, ಬೆರಳು ನೋಡು. ಬಿದ್ದದ್ದು ಒಲ್ಲದ್ದು, ಉಳಿದದ್ದು ಬೇಕಾದದ್ದು. ಬೆಟಗೇರಿಯ ಪಡಸಾಲೆಯಲ್ಲಿ ಚಿಕ್ಕತಾಯಮ್ಮನ ಕಿವಿಯಲ್ಲಿ ನೆರಳವ್ವ ಮೊದಲ ಬಾರಿಗೆ ಅಪ್ಪಣೆ ಕೊಡದೆ ಹೇಳಿತು, "ಅಕಿ ಟ್ರಂಕ ತಗಿ ಅಂತಾಳ."

"ಅಲ್ವಾ ಮತ್ತೆ? ನಾನು ಸ್ವಾಮಾರ್ದಿಂದ ಬಡ್ಕೊತಾ ಇವ್ನಿ," ಎಂದು ಚಿಕ್ಕತಾಯಮ್ಮ ಮುಚ್ಚಳ ಎತ್ತಿದಳು. ಸೀರೆ ಹೊರಗೆ ಬಂತು. ಕಸ್ತೂರಿಯ ಗಂಟಲಿನಿಂದ ಬಂದ ಸದ್ದು ಗದಗಿನ ನಾಲ್ಕನೆಯ ಮಹಡಿಯಲ್ಲಿ ಮೂವರಿಗೂ ಕೇಳಿತು. ಕತ್ತರಿ ಸೆರಗಿಗೆ ಇಳಿದಾಗ ಫಕೀರವ್ವ ಕಣ್ಣು ಮುಚ್ಚಿಕೊಂಡಳು, ಆಮೇಲೆ ತೆರೆದಳು. ಮಗಳು ಯಜಮಾನಿಕೆ ಮಾಡುವುದನ್ನು ಯಾವ ತಾಯಿ ನೋಡದೆ ಬಿಟ್ಟಾಳು?

ಒಂದು ತಳದ ಬಟ್ಟೆ ಮೊದಲೇ ಹಾಸಿತ್ತು, ಒಬ್ಬರಿಗೆ ಸಾಲುವಷ್ಟು ಸಣ್ಣ ಕೌದಿ. ಎರಡೂವರೆ ದಿನ ಆ ಪಡಸಾಲೆಯಲ್ಲಿ ಕೆಲಸವೋ ಕೆಲಸ. ಕಸ್ತೂರಿ ಎರಡು ಬೆರಳಿನಿಂದ ತುಂಡು ತಳ್ಳುತ್ತಿದ್ದಳು, ಬೇಡವಾದದ್ದನ್ನು ಬೀಳಿಸುತ್ತಿದ್ದಳು. ಚಿಕ್ಕತಾಯಮ್ಮ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಕಬ್ಬಿನ ಗದ್ದೆಯ ಬದುವಿನಂತೆ ಅತ್ತಿತ್ತ ಓಡುತ್ತಿತ್ತು. ತೀರಾ ಸೊಟ್ಟಗಾದರೆ ಕಸ್ತೂರಿ ಗೋಡೆಯ ಕಡೆ ತಿರುಗುತ್ತಿದ್ದಳು, ಅವಳು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. "ನಮ್ಮತ್ತೆನೂ ಇಷ್ಟು ಕೆಲ್ಸ ತೆಗೀಲಿಲ್ಲ ಕಣವ್ವಾ," ಎಂದು ಗೊಣಗಿದಾಗ ಕಸ್ತೂರಿ ಭುಜ ಕುಣಿಸಿ ನಕ್ಕಳು. ಮಗಳು ಪರರ ಮಾತಿಗೆ ಹಾಗೆ ನಗುವುದನ್ನು ಫಕೀರವ್ವ ನೋಡಿದ್ದು ಅದೇ ಮೊದಲು.

ಶನಿವಾರ ಐದೂವರೆಗೆ ಒಂದು ಮೂಲೆ ಮಾತ್ರ ಉಳಿಯಿತು. ಚಿಕ್ಕತಾಯಮ್ಮ ಅದನ್ನು ಮುಚ್ಚಲು ಸೂಜಿ ಚುಚ್ಚಿದ್ದೇ ತಡ, ಕಸ್ತೂರಿ ಗೋಡೆಯ ಕಡೆ ಮುಖ ಮಾಡಿದಳು.

"ಏನಾಯ್ತವ್ವಾ? ಸೊಟ್ಟಗಿಲ್ವಲ್ಲಾ." ಬಣ್ಣ ಬದಲಿಸಿ ತೋರಿಸಿದಳು, ದಾರ ಬದಲಿಸಿ ತೋರಿಸಿದಳು. ಗೋಡೆಯೇ. ಕಸ್ತೂರಿ ಹಲಗೆಯನ್ನು ಬೆರಳಿನಿಂದ ಕುಟ್ಟಿದಳು, ಅಡುಗೆಮನೆಯ ಕಡೆ ನೋಡಿದಳು.

ಫಕೀರವ್ವನಿಗೆ ಗೊತ್ತಾಗಿಬಿಟ್ಟಿತು. ಆ ಕಡೆಯ ಮನೆಗಳಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಕೊನೆಯ ಮೂಲೆ ಹೊಲಿಯುವ ಮುಂಚೆ ಒಳಗೆ ಒಂದು ತುಣುಕು ರೊಟ್ಟಿ ಇಡುತ್ತಾರೆ. ಉಂಡ ಕೌದಿ ಹೊದ್ದವರನ್ನು ಬೆಚ್ಚಗಿಡುತ್ತದೆ. ಮಂಡ್ಯದವಳಿಗೆ ಇದು ಹೇಗೆ ತಿಳಿಯಬೇಕು? ನೆರಳವ್ವನಿಗೂ ತಿಳಿಯದು. ತಾಯಿ ಕೌದಿಗೆ ಉಣಿಸುವುದು ಮಗಳಿಗೆ ಸಂಬಂಧಪಟ್ಟದ್ದಲ್ಲ ಎಂದು ಅದು ಎಂದೋ ಬಿಟ್ಟುಬಿಟ್ಟಿತ್ತು.

"ರೊಟ್ಟಿ..." ಎಂದು ಫಕೀರವ್ವನ ಬಾಯಿಗೆ ಬಂತು. ಹೇಳಿದರೆ ಮನೆಗೆ ಕೇಳುವುದಿಲ್ಲ. ಕೇಳಿಸಬೇಕಾದರೆ ಕೆಂಪು ಗುಂಡಿ ಒತ್ತಬೇಕು. ಕುಬಸದ ಸಾಹೇಬರು ಗಡಿಯಾರ ನೋಡಿದರು, ಐದು ಐವತ್ತು. ಫಕೀರವ್ವ ಎರಡೂ ಕೈಗಳ ಮೇಲೆ ತಾನೇ ಕೂತುಕೊಂಡಳು.

"ಅಡಗಿಮನ್ಯಾಗಿಂದ ಏನೋ ಕೇಳಾಕತ್ತಾಳ. ನನಗ ತಿಳೀವಲ್ದು," ಎಂದಿತು ನೆರಳವ್ವ. ತಿಳಿಯದು ಎನ್ನುವ ಮಾತು ಅದರ ಬಾಯಲ್ಲಿ ಬಂದದ್ದು ಅದೇ ಮೊದಲು. ಫಕೀರವ್ವನಿಂದ ಅದು ಆ ಮಾತು ಕಲಿತಿರಲಿಲ್ಲ.

ಚಿಕ್ಕತಾಯಮ್ಮ ಅಡುಗೆಮನೆಯಿಂದ ಒಂದೊಂದೇ ತಂದು ತೋರಿಸಿದಳು. ನೀರಿನ ತಂಬಿಗೆ, ಬಾಳೆಹಣ್ಣು, ಬೆಲ್ಲ, ಕೊನೆಗೆ ಬುಟ್ಟಿಯಲ್ಲಿದ್ದ ಜೋಳದ ಖಡಕ್ ರೊಟ್ಟಿ. ಗಂಟಲಿನ ಸದ್ದು ಬಂತು. "ಹಸಿವಾಗಿತ್ತಾ? ಅದ್ಕೇನು," ಎಂದು ತುಣುಕು ಮುರಿದು ಬಾಯಿಗೆ ಹಿಡಿದಳು. ಕಸ್ತೂರಿ ತುಟಿ ಬಿಗಿದಳು. ಬಲಗೈ ನಡುಗುತ್ತ ಎದ್ದು, ಎರಡು ಬೆರಳು ಆ ತುಣುಕನ್ನು ಹಿಡಿದವು. ಅದು ಜಾರಿ ಹಲಗೆಯ ಮೇಲೆ ಬಿತ್ತು. ಮತ್ತೆ ಹಿಡಿದಳು, ಮತ್ತೆ ಬಿತ್ತು. ಮೂರನೆಯ ಸಲ ಹಿಡಿಯಲಿಲ್ಲ, ಹಲಗೆಯ ಮೇಲೆಯೇ ತಳ್ಳುತ್ತ ತಳ್ಳುತ್ತ ತಂದು, ತೆರೆದ ಮೂಲೆಯೊಳಗೆ ನೂಕಿದಳು.

ಚಿಕ್ಕತಾಯಮ್ಮ ಬಗ್ಗಿ ಮೂಲೆಯೊಳಗೆ ನೋಡಿದಳು. "ಓಹೋ. ಹಸಿವು ನಿಂಗಲ್ಲ, ಅದಕ್ಕಾ?" ಎಂದು ನಕ್ಕು ಮೂಲೆ ಮುಚ್ಚಿದಳು. ಆರಕ್ಕೆ ಎರಡು ನಿಮಿಷವಿತ್ತು. ದಾರ ಕಚ್ಚಿ ತುಂಡು ಮಾಡಿ, ಕೌದಿ ಬಿಡಿಸಿ ಎತ್ತಿ ಹಿಡಿದಳು. ನಟ್ಟನಡುವೆ ಆ ಕೆಂಪು ಸೆರಗು, ಸುತ್ತ ಅದರ ಬಿಳಿ ತೆನೆಗಳು. "ಯಾರಿಗವ್ವಾ ಇದು?"

ಕಸ್ತೂರಿ ಟ್ರಂಕಿನ ಪಕ್ಕ ನೋಡಿದಳು. ಅಲ್ಲಿ ಆಸ್ಪತ್ರೆಗೆ ಕಟ್ಟಿಟ್ಟ ಕೈಚೀಲವಿತ್ತು.

ಆಪರೇಶನ್ನಿನ ಮಾತನ್ನು, ಎದ್ದು ಬರದಿದ್ದರೆ ಎನ್ನುವ ಮಾತನ್ನು ಎರಡು ತಿಂಗಳಿನಿಂದ ಎಲ್ಲರೂ ಕಸ್ತೂರಿಯ ತಲೆಯ ಮೇಲಿಂದಲೇ ಆಡಿದ್ದರು. ಅವಳು ಎಲ್ಲ ಕೇಳಿಸಿಕೊಂಡು, ಅವ್ವನಿಗೆ ಏನು ಬೇಕೆಂದು ತಾನೇ ತೀರ್ಮಾನಿಸಿದ್ದಳು. ನಿಯಂತ್ರಣ ಕೊಠಡಿಯಲ್ಲಿ ಕುಬಸದ ಸಾಹೇಬರು ಮುದ್ರೆಯ ಡಬ್ಬಿಗೆ ಕೈಹಾಕಿದರು.

ಮುಂದಿನ ಗುರುವಾರ, ಹುಬ್ಬಳ್ಳಿಯ ಆಸ್ಪತ್ರೆ. ಫಕೀರವ್ವ ಸ್ಟ್ರೆಚರಿನ ಮೇಲೆ ಮಲಗಿದ್ದಳು, ಮೇಲೆ ಕೌದಿ. ಆಪರೇಶನ್ ಕೋಣೆಯ ಬಾಗಿಲಿನವರೆಗೆ ಇರಲಿ ಎಂದು ಜಗಳ ಮಾಡಿ ಹೊದ್ದಿದ್ದಳು. ಮೂಲೆಯಲ್ಲಿ ರೊಟ್ಟಿಯ ತುಣುಕು ಬೆರಳಿಗೆ ಗಟ್ಟಿಯಾಗಿ ಸಿಗುತ್ತಿತ್ತು. ನರ್ಸು ಒಪ್ಪಿಗೆಯ ಕಾಗದ ಹಿಡಿದು ಬಂದು ಕೌದಿ ಮುಟ್ಟಿ ನೋಡಿ, "ಎಷ್ಟ ಛಂದ ಐತಲ್ರಿ. ನೀವ ಹೊಲಿದದ್ದಾ?" ಎಂದಳು.

"ನಾ ಅಲ್ಲ. ನನ ಮಗಳು ಕಸ್ತೂರೀದು," ಎಂದಳು ಫಕೀರವ್ವ. ಪಕ್ಕದ ಮಂಚಗಳಿಗೂ ಕೇಳುವಂತೆ ಹೇಳಿದಳು.

"ಕಡೀ ಸಹಿ ಒಂದು ಬೇಕು. ಮನಿಯವರು ಯಾರದಾರ?" ನರ್ಸು ಸುತ್ತ ನೋಡಿ, ಕಸ್ತೂರಿಯ ಆಯಾಳಾಗಿಯೇ ಉಳಿದಿದ್ದ ಚಿಕ್ಕತಾಯಮ್ಮನ ಕಡೆ ಕಾಗದ ಚಾಚಿದಳು.

"ಅವ್ರಲ್ಲ," ಎಂದಳು ಫಕೀರವ್ವ. "ನಮ್ಮನಿ ಯಜಮಾನತಿ ಇಲ್ಲಿ ಕೂತಾಳ. ಅಕೀನ ಕೇಳ್ರಿ."

ನರ್ಸು ಗಾಲಿಕುರ್ಚಿಯ ಕಡೆ ತಿರುಗಿದಳು. ಒಂದು ಕ್ಷಣ ತಡವರಿಸಿ, ಮುಖಕ್ಕೆ ಮುಖ ಬರುವಂತೆ ಬಗ್ಗಿ, ಕವಾಟ ಹೇಗೆ ಬದಲಿಸುತ್ತಾರೆ, ಅಪಾಯ ಏನು, ಎಷ್ಟು ಹೊತ್ತು, ಎಲ್ಲವನ್ನೂ ಹೇಳಿದಳು. ಕಸ್ತೂರಿ ಪೂರ್ತಿ ಕೇಳಿದಳು. ಚಿಕ್ಕತಾಯಮ್ಮನ ಕಿವಿಯಲ್ಲಿ ನೆರಳವ್ವ ತನ್ನ ಪಾಡಿಗೆ ಸುಮ್ಮನಿತ್ತು. ಕಸ್ತೂರಿ ಅವ್ವನ ಮುಖ ನೋಡಿದಳು, ಕೌದಿಯ ಮೂಲೆ ಹಿಡಿದಿದ್ದ ಅವ್ವನ ಕೈ ನೋಡಿದಳು. ಅವಸರ ಮಾಡಲಿಲ್ಲ. ಯಾರೂ ಅವಳನ್ನು ಅವಸರಪಡಿಸಲಿಲ್ಲ.

ಆಮೇಲೆ, ಎಲ್ಲರಿಗೂ ಕೇಳುವಂತೆ, ಹೂಂ ಎಂದಳು.